ಗದಗ ಎಂದರೆ ಓಡಿ ಬರುವ ಕೋಳಿಗಳು

ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಊಟಕ್ಕೆ ಕೂತರೆ ಮಜ್ಜಿಗೆ ಬರುವ ಮೊದಲೇ ಕೈ ತೊಳೆಯಲು ಏಳುತ್ತೇನೆ. ಮದುವೆಗೆ ಹೋದರೆ ಅಕ್ಷತೆ ಬೀಳುವುದರೊಳಗೆ ನನ್ನ ಚಪ್ಪಲಿ ಇಟ್ಟಲ್ಲೇ ಇವೆಯೇ ಎಂದು ಎರಡು ಸಲ ನೋಡಿ ಬಂದಿರುತ್ತೇನೆ. ಕ್ಷೌರದ ಅಂಗಡಿಯವನಂತೂ ನನ್ನ ಕಂಡರೆ ಕತ್ತರಿ ಕೆಳಗಿಟ್ಟು, "ಇವತ್ತರ ಪೂರಾ ಮುಗಿಸಿಕೊಂಡು ಹೋಗ್ತೀರೋ, ಅರ್ಧಕ್ಕ ಏಳ್ತೀರೋ, ಮೊದಲ ಹೇಳ್ರಿ" ಎನ್ನುತ್ತಾನೆ. ನನ್ನ ಹೆಂಡತಿ ನೀಲವ್ವ ಮದುವೆಯಾದ ಹೊಸದರಲ್ಲಿ "ಒಂದೀಟು ಕುಂಡ್ರಿ" ಎಂದು ಹೇಳಿ ನೋಡಿದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಈಗ ಬಂದವರ ಮುಂದೆ, "ಇವರ ಕೂಡ ಬಾಳೇ ಮಾಡೂದಂದ್ರ ಬಸ್ ಸ್ಟ್ಯಾಂಡಿನ್ಯಾಗ ಒಲಿ ಹೂಡಿದಂಗ" ಎಂದಷ್ಟೇ ಹೇಳಿ ಚಹಾ ತರಲು ಒಳಗೆ ಹೋಗುತ್ತಾಳೆ.

ಅವಳ ಮಾತು ತಪ್ಪಲ್ಲ. ನಾನು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಬಂದಾಗ ಬಂತು ಎಂದು, ಹೊರಟಾಗ ಹೊರಟಿತು ಎಂದು ಮೈಕಿನಲ್ಲಿ ಕೂಗುವುದು ಕೆಲಸ. ಎರಡನ್ನೂ ಜನ ಕಣ್ಣಿನಿಂದಲೇ ನೋಡುತ್ತಿದ್ದರು, ಆದರೂ ನಾನು ಕೂಗುವವರೆಗೆ ನಂಬುತ್ತಿರಲಿಲ್ಲ. ಆಗ ನಮ್ಮ ಜಿಲ್ಲೆ ಹೊಸದು. ಧಾರವಾಡದಿಂದ ಬೇರೆಯಾಗಿ ಗದಗ ಜಿಲ್ಲೆ ಆಗಿತ್ತು. ಕಚೇರಿಗಳ ಫಲಕಗಳೇನೋ ಬದಲಾದವು, ಜನರ ಕಾಲುಗಳಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ. ಕೈಯಲ್ಲಿ ಅರ್ಜಿ ಇದ್ದವರೆಲ್ಲ ತಮಗೆ ಗೊತ್ತಿಲ್ಲದಂತೆಯೇ ಧಾರವಾಡದ ಬಸ್ಸಿನ ಕಡೆ ನಡೆಯುತ್ತಿದ್ದರು. ಶಿಗ್ಲಿಯ ಒಬ್ಬ ಹಿರಿಯರು ನನ್ನ ಕಿಟಕಿಗೆ ಮುಖ ತಂದು, "ಜಿಲ್ಲಾ ಈಗ ಎಲ್ಲಿಟ್ಟಾರ್ರಿ?" ಎಂದು ಕೇಳಿದ್ದರು. ಗದಗಿನಲ್ಲಿ ಎಂದು ನಾನು ಹೇಳಿದೆ. "ಆತು, ಇರಲಿ ಬಿಡ್ರಿ" ಎಂದು ಅವರು ಧಾರವಾಡದ ಬಸ್ಸು ಹತ್ತಿದರು.

ಹೀಗೆ ಇಡೀ ಊರೇ ಅತ್ತಿತ್ತ ಓಡಾಡುತ್ತಿದ್ದ ದಿನಗಳಲ್ಲಿ ಬಸ್ ಸ್ಟ್ಯಾಂಡಿನ ಕ್ಯಾಂಟೀನು ಮುಚ್ಚಿತು. ನಡೆಸುತ್ತಿದ್ದ ಗುರುಪಾದಪ್ಪ ಎಂಬಾತ ಪಾತ್ರೆ ಬೆಂಚುಗಳನ್ನೆಲ್ಲ ಟೆಂಪೋಕ್ಕೆ ಹೇರಿ ಮುಂಡರಗಿಯ ಮಾವನ ಮನೆಗೆ ಹೊರಟುಹೋದ. ಹೋಗುವಾಗ, "ಹಿತ್ತಲದಾಗ ಒಂದೀಟು ಸಾಮಾನ ಉಳದೈತಿ, ನಾಳೆ ಬಂದು ಒಯ್ತೀನ್ರಿ" ಎಂದಿದ್ದ. ಅವನ ನಾಳೆ ಬರಲಿಲ್ಲ. ಹನ್ನೊಂದನೆಯ ದಿನ, ಡಬ್ಬಿ ಬಿಚ್ಚಿ ಉಣ್ಣಲು ನೆರಳು ಹುಡುಕುತ್ತ ನಾನು ಕ್ಯಾಂಟೀನಿನ ಹಿಂದೆ ಹೋದೆ. ಉಳಿದ ಸಾಮಾನು ತಗಡಿನ ಮಾಡಿನ ಕೆಳಗೆ, ಜಾಳಿಗೆಯ ಹಿಂದೆ ಕೂತಿತ್ತು. ಐದು ಕೋಳಿಗಳು.

ನಮ್ಮದು ತತ್ತಿ ಎಂಬ ಶಬ್ದವನ್ನೂ ಅಡಿಗೆಮನೆಯ ಹೊರಗೆ ನಿಂತು ಆಡುವ ಮನೆ. ನಾನು ಅಲ್ಲಿಯವರೆಗೆ ಕೋಳಿಯನ್ನು ಹತ್ತಿರದಿಂದ ನೋಡಿದ್ದು ಬಸ್ಸಿನಲ್ಲಿ ಮಾತ್ರ, ಅದೂ ಇನ್ನೊಬ್ಬರ ಕಂಕುಳಲ್ಲಿ. ಆದರೂ ಇವು ಇರಬೇಕಾದ ಹಾಗಿಲ್ಲ ಎಂದು ತಿಳಿಯಲು ಯಾವ ವಿದ್ಯೆಯೂ ಬೇಕಿರಲಿಲ್ಲ. ಬೆನ್ನಿನ ಮೇಲೆ ಗರಿ ಇರಲಿಲ್ಲ, ಹಸಿವೆಗೆ ಒಂದನ್ನೊಂದು ಕಿತ್ತುಕೊಂಡಿದ್ದವು. ತಗಡಿನಿಂದ ಸೋರಿದ ಮಳೆನೀರು ಕುಡಿದು ಅಲ್ಲಿಯವರೆಗೆ ಬದುಕಿದ್ದವೋ ಏನೋ, ಈಗ ಬೋಗುಣಿಯಲ್ಲಿ ನೊಣ ಒಣಗಿ ಅಂಟಿತ್ತು. ಒಂದರ ಕಾಲಿಗೆ ಸುತಳಿ ಸುತ್ತಿಕೊಂಡು, ಕಾಲು ಬಾತು, ಅದು ಕುಂಟುತ್ತಿತ್ತು. ಅದೊಂದೇ ಎದ್ದು ಜಾಳಿಗೆಯ ಹತ್ತಿರ ಬಂದು ನನ್ನ ಡಬ್ಬಿಯನ್ನು ನೋಡಿತು. ಕೂಗಲಿಲ್ಲ. ಕೂಗುವ ಶಕ್ತಿ ಇರಲಿಲ್ಲವೋ, ಕೂಗಿ ಪ್ರಯೋಜನವಿಲ್ಲ ಎಂದು ಅದಕ್ಕೆ ಗೊತ್ತಾಗಿತ್ತೋ. ಹನ್ನೊಂದು ದಿನ ಇಪ್ಪತ್ತು ಮಾರು ದೂರದಲ್ಲಿ ನಾನು ಮೈಕಿನಲ್ಲಿ ಅರಚುತ್ತಿದ್ದೆ, ಈ ಕಡೆ ಒಂದು ಸಲ ಹಾಯ್ದಿರಲಿಲ್ಲ. ಕಾಲು ಸುಮ್ಮನಿರದ ನನ್ನಂಥವನ ಕಾಲು ಇಲ್ಲಿಗೊಂದು ಬಂದಿರಲಿಲ್ಲ ನೋಡಿ.

ಮುಂಡರಗಿಯ ಬಸ್ಸಿನ ಡ್ರೈವರನ ಕೈಯಲ್ಲಿ ಗುರುಪಾದಪ್ಪನಿಗೆ ಮಾತು ಹೇಳಿ ಕಳಿಸಿದೆ. ಸಂಜೆ ಅದೇ ಬಸ್ಸಿನಲ್ಲಿ ಉತ್ತರ ಬಂತು: "ಕೊಯ್ಕೊಂಡು ತಿನ್ರಿ ಅಂತ ಹೇಳು." ಇಂಥ ಔದಾರ್ಯವನ್ನು ಯಾರಿಗೆ ತೋರಿಸುತ್ತಿದ್ದೇನೆ ಎಂಬುದು ಅವನಿಗೆ ಮರೆತಿರಬೇಕು.

ನಾನು ಹೋದದ್ದು ಹುಸೇನಬಿಯ ಹತ್ತಿರ. ಆಕೆ ಎರಡನೆಯ ನಂಬರಿನ ಕಟ್ಟೆಯ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಹುರಿದ ಶೇಂಗಾ ಮಾರುವವಳು, ಗಂಡ ಇಲ್ಲದವಳು, ನನಗಿಂತ ಹತ್ತು ವರ್ಷ ಹಿರಿಯಳು. ಬಂದು ನೋಡಿ ಸೊಂಟಕ್ಕೆ ಸೆರಗು ಸಿಗಿಸಿ ಕೂತಳು, ಸುತಳಿಯನ್ನು ಹಲ್ಲಿನಿಂದ ಕಡಿದಳು. "ಮೊದಲ ನೀರಿಡ್ರಿ ಸಾಹೇಬ್ರ. ಕಾಳು ಆಮ್ಯಾಲೆ. ಒಮ್ಮಿಗೇ ಹೊಟ್ಟಿ ತುಂಬಿಸಿದ್ರ ಸಾಯ್ತಾವ" ಎಂದಳು. "ಮೂಲ್ಯಾಗ ಒಲಿ ಬೂದಿ ಹಾಕ್ರಿ. ಹೊರಳಾಡ್ತಾವ, ಹೇನು ಹೋಗ್ತಾವ." ನಾನು ಸಂಕೋಚಪಡುತ್ತ, ನೀವೇ ಮನೆಗೆ ಒಯ್ಯಬಾರದೇ ಎಂದೆ. "ನಮ್ಮ ಓಣ್ಯಾಗ ನಾಯಿ ಭಾಳ್ರಿ. ಹ್ವಾದ ವರ್ಷ ಆರು ಕಳಕೊಂಡೀನಿ. ಗಟ್ಟಿ ಗೂಡಿಲ್ದ ಮತ್ತ ಒಯ್ದು ಅವಕ್ಕ ಕೊಡಲೇನು?" ಎಂದು ಕೇಳಿದಳು.

ಹಾಗಾಗಿ ಕೋಳಿಗಳು ಕ್ಯಾಂಟೀನಿನ ಹಿಂದೆಯೇ, ನನ್ನ ಗುಟ್ಟಿನಲ್ಲೇ ಉಳಿದವು. ಗುಟ್ಟು ಯಾಕೆ ಎಂದರೆ ನನಗೆ ನಾಚಿಕೆ. ಕಂಟ್ರೋಲರ್ ಕೋಳಿ ಸಾಕ್ಯಾನ ಎಂದರೆ ಡ್ರೈವರುಗಳು ಶಿರಹಟ್ಟಿಯವರೆಗೆ ಸುದ್ದಿ ಒಯ್ಯುತ್ತಾರೆ, ಅಲ್ಲಿಂದ ಅದು ನೀಲವ್ವನ ತವರಿಗೆ ಹೋಗುತ್ತದೆ. ನಾನು ಮನೆಯಲ್ಲಿ ರೊಟ್ಟಿ ಹೆಚ್ಚು ಕಟ್ಟಿಸಿಕೊಳ್ಳತೊಡಗಿದೆ. ಕಾರಣ ಬೇಕಲ್ಲ? "ಇತ್ತಿತ್ತಲಾಗ ನಿನ್ನ ರೊಟ್ಟಿ ಭಾಳ ಚೊಲೋ ಆಗಾಕ ಹತ್ಯಾವ" ಎಂದೆ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಾನು ರೊಟ್ಟಿಯನ್ನು ಹೊಗಳಿದ್ದು ಅದೇ ಮೊದಲು. ಅವಳು ಮುಖ ಆಚೆ ತಿರುಗಿಸಿ ಇನ್ನೆರಡು ಬಡಿದಳು. ಮರುದಿನದಿಂದ ಎಳ್ಳು ಹಚ್ಚಿದ ರೊಟ್ಟಿ ಬರತೊಡಗಿದವು. ಕೋಳಿಗಳಿಗೆ ಎಳ್ಳು ಬಲು ಸೇರಿತು. ಒಂದು ದಿನ ಡಬ್ಬಿಯ ಬಟ್ಟೆಯಲ್ಲಿ ಗರಿಯೊಂದು ಮನೆಗೆ ಬಂದುಬಿಟ್ಟಿತು. ಪಾರಿವಾಳದ್ದು ಎಂದೆ. "ಕೆಂಪು ಪಾರಿವಾಳ" ಎಂದು ನೀಲವ್ವ ಗರಿಯನ್ನು ಬೆಳಕಿಗೆ ಹಿಡಿದು ನೋಡಿದಳು.

ಇನ್ನು ಕರೆಯುವ ಸಮಸ್ಯೆ. ಗೂಡಿನ ಬಾಗಿಲು ತೆಗೆದರೆ ಕೋಳಿಗಳು ಹಿತ್ತಲಿನ ಕಸದಲ್ಲಿ ಕೆದರುತ್ತ ದೂರ ಹೋಗುತ್ತಿದ್ದವು, ತಿರುಗಿ ಒಳಗೆ ಹಾಕಬೇಕಾದರೆ ಕರೆಯಬೇಕು. "ಬಾ ಬಾ ಬಾ ಅನ್ರಿ, ಬರ್ತಾವ" ಎಂದು ಹುಸೇನಬಿ ಹೇಳಿಕೊಟ್ಟಿದ್ದಳು. ನಾನು ಬಾ ಬಾ ಎಂದರೆ ಗೋಡೆಯಾಚೆ ಚಹಾ ಕುಡಿಯುತ್ತಿರುವ ಕಂಡಕ್ಟರುಗಳು ಯಾರು ಬರಬೇಕು, ಯಾಕೆ ಬರಬೇಕು ಎಂದು ಇಣುಕುತ್ತಾರೆ. ಆಗ ನನಗೊಂದು ಉಪಾಯ ಹೊಳೆಯಿತು. ನಾನು ದಿನಕ್ಕೆ ನೂರು ಸಲ ಕೂಗುವ ಮಾತನ್ನೇ ಕೂಗಿದರೆ ಯಾರಿಗೂ ಸಂಶಯ ಬರುವುದಿಲ್ಲ. ಜೋಳ ಚೆಲ್ಲಿ, ಬಾಯಿಗೆ ಕೈ ಅಡ್ಡ ಹಿಡಿದು, "ಗದಗ, ಗದಗ, ಗದಗ!" ಎಂದೆ. ಒಂದು ವಾರದಲ್ಲಿ ಐದೂ ಕಲಿತವು. ಕಾಲು ಬಾತವಳಿಗೆ ಕುಂಟಿ ಎಂದು ಹೆಸರಿಟ್ಟಿದ್ದೆ, ಅವಳು ಎಲ್ಲಕ್ಕಿಂತ ಮೊದಲು ಕಲಿತಳು. ಗದಗ ಎಂಬ ಶಬ್ದ ಕಿವಿಗೆ ಬಿದ್ದರೆ ಎಲ್ಲಿದ್ದರೂ ಕತ್ತು ಎತ್ತಿ, ಒಂದು ಕಾಲಿನ ಮೇಲೆ ಹೆಚ್ಚು ಭಾರ ಹಾಕುತ್ತ ಓಡಿ ಬರುತ್ತಿದ್ದಳು. ತೊಂದರೆ ಎಂದರೆ ಒಮ್ಮೆ ಗಂಟು ಹೊತ್ತ ಒಬ್ಬ ಅಜ್ಜನೂ ಓಡಿ ಬಂದ. ಸುತ್ತಲೂ ನೋಡಿ, "ಗಾಡಿ ಎಲ್ಲಿ ಹಚ್ಚೀರಿ?" ಎಂದು ಕೇಳಿದ.

ಇಷ್ಟು ಜಾಣತನ ಮಾಡಿದವನಿಗೆ ಮೈಕಿನ ನೆನಪಾಗಲಿಲ್ಲ. ಮರುದಿನ ಬಾಗಿಲು ತೆರೆದಿಟ್ಟು ಬಂದು ಮೈಕು ಹಿಡಿದು ಗದಗ ಎಂದಾಗ, ಹಿತ್ತಲಿನ ಗೋಡೆಯ ಸಂದಿಯಿಂದ ಮೂರು ಕೋಳಿಗಳು ಬಂದು ಬಸ್ಸಿನ ಬಾಗಿಲ ಮುಂದೆ ನಿಂತವು. ಜನ ಯಾರದೋ ಕೋಳಿ ಬುಟ್ಟಿಯಿಂದ ತಪ್ಪಿಸಿಕೊಂಡಿವೆ ಎಂದುಕೊಂಡರು. ಕಂಡಕ್ಟರ್, "ಇವಕ್ಕ ಅರ್ಧ ತಿಕೀಟು ಯಾರು ತಗೋತೀರಿ?" ಎಂದು ಕೂಗಿದ. ಹುಸೇನಬಿ ಏನೂ ಗೊತ್ತಿಲ್ಲದವಳಂತೆ ಎದ್ದು, ಶೇಂಗಾ ಚೆಲ್ಲುತ್ತ ಅವನ್ನು ಆಚೆ ಕರೆದೊಯ್ದಳು. ಹಿಂದಿನ ಗಾಲಿ ಕುಂಟಿಯ ಪಕ್ಕದಲ್ಲೇ ಹಾದುಹೋಯಿತು.

ಆಮೇಲೆ ನನ್ನ ಬದುಕಿಗೆ ಒಂದು ವೇಳಾಪಟ್ಟಿಯಾಯಿತು. ಗದಗಕ್ಕೆ ಅರ್ಧ ತಾಸಿಗೊಂದು ಬಸ್ಸು. ಬಸ್ಸು ಹೋದ ಮೇಲೆ ಓಡಿ ಹೋಗಿ ಗೂಡು ತೆಗೆಯುವುದು, ಇನ್ನೊಂದು ಬರುವ ಮೊದಲು ಓಡಿ ಹೋಗಿ ಮುಚ್ಚುವುದು, ಓಡಿ ಬಂದು ಕೂಗುವುದು. ನಡುವೆ ಹುಬ್ಬಳ್ಳಿ, ಹಾವೇರಿ, ಶಿರಹಟ್ಟಿಗಳನ್ನು ಉಸಿರು ಬಿಡುತ್ತ ಕೂಗುತ್ತಿದ್ದೆ. ಹುಟ್ಟಿದಾಗಿನಿಂದ ಇದ್ದ ನನ್ನ ಚಡಪಡಿಕೆಗೆ ಅಂತೂ ಒಂದು ಉದ್ಯೋಗ ಸಿಕ್ಕಿತು. ಕೋಳಿಗಳ ಬೆನ್ನಿನ ಮೇಲೆ ಗರಿ ಮುಳ್ಳಿನಂತೆ ಹೊರಡತೊಡಗಿತು, ಅದನ್ನು ನೋಡಲು ನಾನು ದಿನಕ್ಕೆ ಇಪ್ಪತ್ತು ಸಲ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಬೂದಿಯಲ್ಲಿ ತತ್ತಿ ಕಂಡಿತು. ಏನು ಮಾಡಬೇಕೆಂದು ತಿಳಿಯದೆ ಕೈಗೆ ತೆಗೆದುಕೊಂಡೆ, ಬೆಚ್ಚಗಿತ್ತು. ಹುಸೇನಬಿಗೆ ಕೊಟ್ಟರಾಯಿತು ಎಂದು ಪ್ಯಾಂಟಿನ ಜೇಬಿಗೆ ಇಳಿಸಿದೆ. ಅಂದಿನಿಂದ ಅದೇ ರೂಢಿಯಾಯಿತು, ಜೇಬಿನಲ್ಲಿ ತತ್ತಿ ಇಟ್ಟುಕೊಂಡು ತಿರುಗುವುದಕ್ಕೆ ನನ್ನಷ್ಟು ಯೋಗ್ಯ ಮನುಷ್ಯ ಬೇರೆ ಇರಲಿಲ್ಲ, ಏಕೆಂದರೆ ನಾನು ಕೂರುತ್ತಿರಲಿಲ್ಲ.

ಅಂಥ ಒಂದು ದಿನ, ಜೇಬಿನಲ್ಲಿ ಒಂದು ತತ್ತಿ ಇದ್ದಾಗ, ಮೇಲಿನ ಕಚೇರಿಯಿಂದ ಸಾಹೇಬರು ತಪಾಸಣೆಗೆ ಬಂದರು. ಹೇಳದೆ ಕೇಳದೆ ಬಂದು ನನ್ನ ಕೋಣೆಯ ಒಂದೇ ಖುರ್ಚಿಯಲ್ಲಿ ಕೂತರು. ಎದುರಿನ ಸ್ಟೂಲು ತೋರಿಸಿ, "ಕುಂಡ್ರಿ" ಎಂದರು. "ಇರಲಿ ಬಿಡ್ರಿ ಸಾಹೇಬ್ರ" ಎಂದೆ. ನನ್ನ ವಿನಯ ಅವರಿಗೆ ಹಿಡಿಸಿತು. ಆದರೆ ನನ್ನ ಜೀವ ಹಿತ್ತಲಿನಲ್ಲಿತ್ತು. ಹತ್ತೂ ಮುಕ್ಕಾಲಿನ ಗದಗ ಬಸ್ಸು ಹೋದ ಮೇಲೆ ನಾನು ಗೂಡು ತೆಗೆದು ಬಂದಿದ್ದೆ. ಮುಚ್ಚಲು ಹೋಗಬೇಕೆಂದರೆ ಸಾಹೇಬರು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿದ್ದಾರೆ. ಹನ್ನೊಂದೂ ಕಾಲಿನ ಗಾಡಿ ಹಿಂದೆ ಹಿಂದೆ ಸರಿಯುತ್ತ ಎರಡನೆಯ ನಂಬರಿಗೆ ಬಂತು. ಗೋಡೆಯ ಸಂದಿಯಲ್ಲಿ ಕುಂಟಿ ನಿಂತಿದ್ದಾಳೆ, ಕತ್ತು ಓರೆ ಮಾಡಿ, ಕಿವಿ ಈ ಕಡೆ ಇಟ್ಟು. ಸಾಹೇಬರು, "ಯಾಕ್ರಿ, ಅನೌನ್ಸ್ ಮಾಡೂದಿಲ್ಲೇನು?" ಎಂದರು.

ಗದಗ ಎಂದರೆ ಕುಂಟಿ ಗಾಲಿಯ ಕೆಳಗೆ. ಎನ್ನದಿದ್ದರೆ ನನ್ನ ನೌಕರಿ ಸಾಹೇಬರ ಪೆನ್ನಿನ ಕೆಳಗೆ. ನಾನು ಮೈಕು ಹಿಡಿದು, ಗಂಟಲು ಸರಿಪಡಿಸಿಕೊಂಡು, "ಜಿಲ್ಲಾ ಸ್ಥಳಕ್ಕೆ ತೆರಳುವ ಪ್ರಯಾಣಿಕರು ದಯವಿಟ್ಟು ಎರಡನೆಯ ಅಂಕಣದಲ್ಲಿರುವ ವಾಹನವನ್ನು ಏರಬೇಕು" ಎಂದೆ. ಸಾಹೇಬರ ಮುಖ ಅರಳಿತು. "ಎಷ್ಟು ಶುದ್ಧ ಭಾಷಾ!" ಎಂದರು. ಕುಂಟಿ ಸ್ವಲ್ಪ ಹೊತ್ತು ಕಾದು ಹಿತ್ತಲಿಗೆ ತಿರುಗಿದಳು. ನನ್ನ ಬುದ್ಧಿಗೆ ನಾನೇ ಶಭಾಷ್ ಎಂದುಕೊಂಡೆ. ಹೊರಗೆ ಏನಾಗುತ್ತಿದೆ ಎಂದು ನೋಡಲಿಲ್ಲ. ಧಾರವಾಡಕ್ಕೆ ಹೋಗಲು ಕಾದಿದ್ದ ಎಂಟು ಹತ್ತು ಜನ, ಕೋರ್ಟಿನ ಕಾಗದದ ಗಂಟು ಹಿಡಿದ ನಮ್ಮ ಶಿಗ್ಲಿಯ ಹಿರಿಯರೂ ಸೇರಿ, ಜಿಲ್ಲಾ ಎಂದ ಕೂಡಲೇ ಧಡಧಡ ಎದ್ದು ಗದಗ ಬಸ್ಸು ಹತ್ತಿದ್ದರು. ಕಂಡಕ್ಟರ್ ಅವರನ್ನು ಊರಾಚೆ ಇಳಿಸಿದನಂತೆ. ಗದಗಕ್ಕೆ ಹೋಗಬೇಕಾದವರಲ್ಲಿ ಓದು ಬಂದವರು ಬೋರ್ಡು ನೋಡಿ ಹತ್ತಿಕೊಂಡರು. ಉಳಿದವರು ಕೂತೇ ಇದ್ದರು. ಬಸ್ಸು ಅವರ ಕಣ್ಣ ಮುಂದೆಯೇ ಹೊರಟುಹೋಯಿತು.

ಸಾಹೇಬರು ಚಹಾ ತರಿಸಿದರು. ಹನ್ನೊಂದೂ ಮುಕ್ಕಾಲಿನ ಗಾಡಿ ಬಂತು. ನಾನು ಇನ್ನೂ ಚೆಂದದ ಭಾಷೆಯಲ್ಲಿ ಜಿಲ್ಲಾ ಸ್ಥಳವನ್ನು ಕೂಗಿದೆ. ಗಾಡಿ ಹೊರಟು ಗೇಟಿನ ಹತ್ತಿರ ಹೋಗಿತ್ತು. ಆಗ ಕಿಟಕಿಯಲ್ಲಿ ಹುಸೇನಬಿ ಕಂಡಳು. ಬುಟ್ಟಿ ಇರಲಿಲ್ಲ. ಮೈಮೇಲೆ ಒಳ್ಳೆಯ ಸೀರೆ, ಕಂಕುಳಲ್ಲಿ ಹಳೆಯ ಮೆತ್ತನೆಯ ಬಟ್ಟೆಗಳ ಗಂಟು.

"ಸಾಹೇಬ್ರ, ಇವತ್ತ ಗದಗಕ್ಕ ಗಾಡಿ ಇಲ್ಲೇನ್ರಿ?" ಎಂದು ನನ್ನನ್ನು ಮೆಲ್ಲಗೆ ಕೇಳಿದಳು. "ಹತ್ತೂವರಿಗೆ ಖಬರ ಬಂತು. ಬೆಟಗೇರ್ಯಾಗ ಮಗಳಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವ. ಮನಿಗೆ ಹೋಗಿ ಸೀರಿ ಉಟಗೊಂಡು ಬಂದು ಹನ್ನೊಂದರಿಂದ ಕುಂತೀನಿ. ನೀವು ಗದಗ ಅನ್ನವಲ್ರಿ."

"ಎರಡು ಗಾಡಿ ಹ್ವಾದುವಲ್ಲ ಹುಸೇನಬಿ!" ಎಂದೆ.

"ಎರಡನೇ ನಂಬರಿಗೆ ಎಲ್ಲಾ ಊರಿನ ಗಾಡಿ ಬರ್ತಾವ, ನನಗೇನು ಬೋರ್ಡ್ ಓದಾಕ ಬರ್ತೈತ್ರಿ? ಇಷ್ಟು ವರ್ಷ ನಿಮ್ಮ ದನಿ ಕೇಳೇ ಹತ್ತೀನಿ."

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನನಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಹೊರಟ ಗಾಡಿಯನ್ನು ನಿಲ್ಲಿಸಬೇಕಾದರೆ ಅದರ ಊರ ಹೆಸರನ್ನು ಬಿಡದೆ ಕೂಗುವುದು ನಮ್ಮ ಸ್ಟ್ಯಾಂಡಿನ ರೂಢಿ, ಡ್ರೈವರ್ ಅದು ಕೇಳಿದರೆ ತಡೆಯುತ್ತಾನೆ. ಮೈಕು ಕಿತ್ತುಕೊಂಡೆ. "ಗದಗ! ಗದಗ! ಗದಗ-ಬೆಟಗೇರಿ! ನಿಂದ್ರು! ಗದಗ!"

ಗಾಡಿ ಗೇಟಿನಲ್ಲಿ ನಿಂತಿತು. ಸಂದಿಯಿಂದ ಐದೂ ಕೋಳಿಗಳು ರೆಕ್ಕೆ ಬಿಚ್ಚಿಕೊಂಡು ಬಂದವು, ಒಂದರ ಹಿಂದೊಂದು, ಕುಂಟಿ ಕೊನೆಗೆ. ಇಷ್ಟು ಸಲ ಗದಗ ಎಂದರೆ ಎಷ್ಟು ಜೋಳ ಇರಬಹುದು ಎಂದುಕೊಂಡವೋ ಏನೋ. ಅದೇ ಹೊತ್ತಿಗೆ ಶಿರಹಟ್ಟಿಯ ಬಸ್ಸು ಒಳಗೆ ತಿರುಗುತ್ತಿತ್ತು. ನಾನು ಸ್ಟೂಲು ಹಾರಿ, ಬಾಗಿಲಿಗೆ ತೊಡೆ ಬಡಿದುಕೊಂಡು ಓಡಿದೆ. ಜೇಬಿನಲ್ಲಿ ಏನೋ ಸಣ್ಣಗೆ ಚಟ್ ಎಂದಿತು. ಆದರೆ ನನಗಿಂತ ಮೊದಲು ಹುಸೇನಬಿ ಅಲ್ಲಿದ್ದಳು. ಗಾಡಿಯ ಕಡೆ ಓಡುತ್ತಿದ್ದವಳು ನಡುವೆ ನಿಂತು, ಸೆರಗಿನ ಗಂಟು ಬಿಚ್ಚಿ ದಾರಿಗೆಂದು ಕಟ್ಟಿಕೊಂಡಿದ್ದ ಶೇಂಗಾವನ್ನೆಲ್ಲ ಕಟ್ಟೆಯ ಕಡೆ ಎರಚಿ, "ಬಾ ಬಾ ಬಾ" ಎಂದಳು. ನಾಲ್ಕು ತಿರುಗಿದವು. ಕುಂಟಿ ತಿರುಗಲಿಲ್ಲ. ಅವಳು ನೇರ ನನ್ನ ಕಡೆ ಬಂದಳು, ಗಾಲಿಯ ಮುಂದೆ ಹಾದು. ನಾನು ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡೆ. ಬಸ್ಸಿನ ಮೂತಿ ನನ್ನ ಅಂಗಿಗೆ ತಾಗಿ ನಿಂತಿತು. ಹುಸೇನಬಿ ಅಷ್ಟರಲ್ಲಿ ಗೇಟಿನಲ್ಲಿ ನಿಂತಿದ್ದ ಗದಗ ಗಾಡಿ ಹತ್ತಿದ್ದಳು, ಕಿಟಕಿಯಿಂದ "ಒಳಗ ಹಾಕ್ರಿ ಅವನ್ನ" ಎಂದು ಕೂಗುತ್ತ ಹೋದಳು.

ಇಡೀ ಸ್ಟ್ಯಾಂಡು ನನ್ನನ್ನು ನೋಡುತ್ತಿತ್ತು. ಎದೆಗೆ ಕೋಳಿ, ಖಾಕಿ ಪ್ಯಾಂಟಿನ ಮೇಲೆ ಜೇಬಿನಿಂದ ಮೊಣಕಾಲಿನವರೆಗೆ ಹಳದಿ. ಸಾಹೇಬರು ಚಹಾದ ಕಪ್ಪು ಹಿಡಿದೇ ಹೊರಗೆ ಬಂದಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಗದಗ ಅಂತ ಯಾಕ ಕಲಿಸಿದ್ರಿ? ಮುಂಡರಗಿ ಅಂತ ಕಲಿಸಬೇಕಿತ್ತು, ದಿನಕ್ಕ ಎರಡ ಗಾಡಿ" ಎಂದರು. ಎಷ್ಟೆಂದರೂ ಮೇಲಿನ ಅಧಿಕಾರಿ. ನನಗೆ ಅದು ಹೊಳೆದಿರಲೇ ಇಲ್ಲ.

ಹುಸೇನಬಿ ಮೂರನೆಯ ದಿನ ಬಂದಳು. ಹೆಣ್ಣುಕೂಸು, ತಾಯಿಮಗಳು ಆರಾಮ. ನಾನು ಕೇಳಲೋ ಬೇಡವೋ ಎಂದು ನಿಂತಿದ್ದಾಗ ತಾನೇ ಹೇಳಿದಳು. "ನಾ ಮುಟ್ಟೂದ್ರಾಗ ಕೂಸು ಅತ್ತು ಸುಮ್ಮನಾಗಿತ್ರಿ. ಕಿವ್ಯಾಗ ನಮಾಜಿನ ಬಾಂಗ್ ಹೇಳೂದೂ ಆಗಿತ್ತು. ಅರ್ಧ ತಾಸು ಮೊದಲ ಹೋಗಿದ್ರ ಮಗಳ ಕೈ ಹಿಡ್ಕೊಂಡು ಇರ್ತಿದ್ನಿ." ಅರ್ಧ ತಾಸು. ಒಂದು ಗಾಡಿ. ತಪ್ಪಾಯಿತು ಎಂದೆ. "ಹೋಗ್ಲಿ ಬಿಡ್ರಿ" ಎಂದು ಕೂಸಿಗೆ ಎಷ್ಟು ಕೂದಲು ಎಂದು ವರ್ಣಿಸತೊಡಗಿದಳು.

ಗುಟ್ಟು ಒಡೆದದ್ದರಿಂದ ಕೋಳಿಗಳಿಗೆ ಒಳ್ಳೆಯದೇ ಆಯಿತು. ನಗಬಹುದೆಂದು ನಾನು ಹೆದರಿದ್ದ ಡ್ರೈವರುಗಳೇ ನಕ್ಕು ಮುಗಿಸಿದ ಮೇಲೆ ಕ್ಯಾಂಟೀನಿನ ಜಾಳಿಗೆ ಕಿತ್ತು ಒಯ್ದು ಹುಸೇನಬಿಯ ಅಂಗಳದಲ್ಲಿ ನಾಯಿ ನುಗ್ಗದಂಥ ಗೂಡು ಕಟ್ಟಿಕೊಟ್ಟರು. ಮೊದಲ ದಿನವೇ ಕೇಳಿದ್ದರೆ ಅಂದೇ ಕಟ್ಟುತ್ತಿದ್ದರು. ನೀಲವ್ವನಿಗೂ ಎಲ್ಲ ಗೊತ್ತಾಯಿತು. "ಕೋಳಿಗೆ ಹಾಕಿದ್ದಕ್ಕ ಸಿಟ್ಟಿಲ್ಲ, ಹಸದ ಜೀವ" ಎಂದಳು. ನನ್ನ ಡಬ್ಬಿ ತೊಳೆದಿಟ್ಟು, "ರೊಟ್ಟಿ ಚೊಲೋ ಆಗ್ಯಾವ ಅಂದದ್ದರ ಖರೆ ಇತ್ತೋ ಇಲ್ಲೋ?" ಎಂದು ಕೇಳಿದಳು. ಖರೆ ಎಂದೆ, ಖರೆಯೇ ಆಗಿತ್ತು. ಅವಳು ನನ್ನ ಮುಖವನ್ನು ಆ ಗರಿಯನ್ನು ನೋಡಿದ ಹಾಗೆಯೇ ನೋಡಿದಳು. ಎಳ್ಳು ಮತ್ತೆ ಬರಲಿಲ್ಲ.

ನಾನು ಆ ಸ್ಟ್ಯಾಂಡಿನಲ್ಲಿ ಇದ್ದಷ್ಟು ದಿನವೂ ಗದಗವನ್ನು ಗದಗ ಎಂದೇ ಕೂಗಿದೆ, ಮೊದಲಿಗಿಂತ ಜೋರಾಗಿ, ಸ್ಪಷ್ಟವಾಗಿ. ಮೊಮ್ಮಗಳನ್ನು ನೋಡಲು ಹುಸೇನಬಿ ತಿಂಗಳಿಗೊಮ್ಮೆ ಹೋಗುತ್ತಿದ್ದಳು. ನಾನು ಕೂಗಿದ ಮೇಲೆ ಎದ್ದು ಗಾಡಿಯ ಹತ್ತಿರ ನಡೆಯುತ್ತಿದ್ದಳು, ನನ್ನ ಕಿಟಕಿಯ ಕಡೆ ನೋಡಿ ಎಂದಿನಂತೆ ನಗುತ್ತಿದ್ದಳು. ಆಮೇಲೆ, ನನಗೆ ಬೇಸರವಾಗಬಾರದೆಂದು ಆ ಕಡೆ ತಿರುಗಿ, ದನಿ ತಗ್ಗಿಸಿ, ಬಾಗಿಲಲ್ಲಿ ನಿಂತ ಕಂಡಕ್ಟರನನ್ನು ಕೇಳುತ್ತಿದ್ದಳು: "ಇದು ಗದಗಕ್ಕ ಹೋಗೂದ ಅಲ್ಲೇನ್ರಿ?"

ಆಗಾಗ ಅವಳ ಮನೆಗೆ ಹೋಗುತ್ತೇನೆ. ಕೋಳಿಗಳು ಈಗ ಅವಳ ಬಾ ಬಾ ಎಂಬ ಕರೆಗೆ ಓಗೊಡುತ್ತವೆ, ನನ್ನನ್ನು ಕಂಡರೆ ತಲೆ ಎತ್ತುವುದಿಲ್ಲ. ಹುಸೇನಬಿ ಚಹಾಕ್ಕೆಂದು ಒಳಗೆ ಹೋದಾಗ ನಾನು ಅತ್ತಿತ್ತ ನೋಡಿ, ಮೆಲ್ಲಗೆ "ಗದಗ" ಎನ್ನುತ್ತೇನೆ. ಮುದಿಯಾದ ಕುಂಟಿ ಎಲ್ಲಿಂದಲೋ ಎದ್ದು, ಕಾಲೆಳೆಯುತ್ತ, ಏನೂ ವಿಚಾರಿಸದೆ ಬರುತ್ತಾಳೆ. ಅವಳು ಬಂದು ಮುಟ್ಟುವವರೆಗೂ ನಾನು ಕೂತಲ್ಲೇ ಕೂತಿರುತ್ತೇನೆ.